ಕಾಲಲ್ಲಿ ಕ್ಲಚ್ ಹಿಡಿದವಳು

ಅತ್ತಿಗೆಯ ಎಡಗಾಲಿನ ಕಾಲುಂಗುರ ಮೇಲ್ಭಾಗದಲ್ಲಿ ಸವೆದು ಚಪ್ಪಟೆಯಾಗಿತ್ತು. ಬಲಗಾಲಿನದು ಮದುವೆಯ ದಿನ ಹೇಗಿತ್ತೋ ಹಾಗೇ ಗುಂಡಗೆ, ಸಣ್ಣ ಗೆರೆಗಳ ಕೆತ್ತನೆಯ ಸಮೇತ ಉಳಿದಿತ್ತು. ಎಡಗಾಲಿನದರಲ್ಲಿ ಕೆತ್ತನೆ ಅಳಿಸಿಹೋಗಿ, ಬೆಳ್ಳಿ ತೆಳುವಾಗಿ ಬ್ಲೇಡಿನ ಹಾಗೆ ಮಿಂಚುತ್ತಿತ್ತು. ಪಕ್ಕದ ಹೆಬ್ಬೆರಳ ಬೆನ್ನಿನ ಮೇಲೆ ಒಂದು ಕಪ್ಪು ಜಡ್ಡು. ಹಬ್ಬದ ದಿನ ಅವಳು ಬಡಿಸುತ್ತ ಬರುವಾಗ, ಕೆಳಗೆ ಎಲೆಯ ಮುಂದೆ ಕೂತ ನನಗೆ ಮೊದಲು ಕಾಣುತ್ತಿದ್ದುದು ಆ ಪಾದ. ನಮ್ಮ ಅಪ್ಪನ ಗಾಡಿಯ ಗೇರಿನ ಕಡ್ಡಿಯನ್ನು ಬೆರಳ ಬೆನ್ನಿನಿಂದ ಎತ್ತಿ ಎತ್ತಿ ಆದ ಗುರುತು ಅದು. ನನ್ನ ಎರಡೂ ಪಾದಗಳಲ್ಲಿ ಅಂಥ ಗುರುತಿಲ್ಲ. ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು ಎಂದು ಬರೆದರೆ ಓದುವವರಿಗೆ ನಗು ಬಂದೀತು. ಆದರೆ ಈ ಬರಹದಲ್ಲಿ ನಾನು ಖಚಿತವಾಗಿ ಹೇಳಬಲ್ಲ ಮಾತು ಬಹುಶಃ ಅದೊಂದೇ. ಉಳಿದದ್ದೆಲ್ಲ ನೆನಪು, ನೆನಪನ್ನು ನಾನು ಅಷ್ಟಾಗಿ ನಂಬುವವಳಲ್ಲ.

ಅತ್ತಿಗೆ ಎಂದರೆ ನನ್ನ ಒಬ್ಬನೇ ಅಣ್ಣನ ಹೆಂಡತಿ. ವಯಸ್ಸಿನಲ್ಲಿ ನಾವಿಬ್ಬರೂ ಓರಗೆಯವರು. ತವರು ಮಾಯಸಂದ್ರ, ಅಲ್ಲಿ ಅವಳ ಅಪ್ಪನದೊಂದು ದಿನಸಿ ಅಂಗಡಿ. ಅಂಗಡಿಗೆ ಸಾಮಾನು ತರಲು ಮೊಪೆಡ್ ಓಡಿಸುತ್ತಿದ್ದಳಂತೆ, ಆದರೆ ಮೊಪೆಡ್ಡಿಗೆ ಗೇರೂ ಇಲ್ಲ, ಕ್ಲಚ್ಚೂ ಇಲ್ಲ. ಹಂದನಕೆರೆ ಕಡೆಯ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ಗೇರಿನ ವಿಷಯದಲ್ಲಿ ಅವಳಿಗೂ ನನ್ನಷ್ಟೇ ಗೊತ್ತಿದ್ದದ್ದು, ಅಂದರೆ ಏನೂ ಇಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ಅವಳಿಗೆ ಅದು ಹುಟ್ಟಿನಿಂದಲೇ ಬಂದಿತ್ತು ಎಂದು ನಂಬಿಬಿಟ್ಟರೆ ನನಗೆ ನೆಮ್ಮದಿ. ಹಾಗಿರಲಿಲ್ಲ. ಅವಳು ಕಲಿತದ್ದು ನಮ್ಮ ಅಪ್ಪನಿಂದ, ನಮ್ಮ ತೋಟದಲ್ಲಿ, ನಾನು ಊರಲ್ಲಿ ಇಲ್ಲದಾಗ.

ಅದು ಹಳೆಯ ಟೂ ಸ್ಟ್ರೋಕ್ ಗಾಡಿ, ನಾನು ಹುಟ್ಟುವ ಮೊದಲೇ ಅಪ್ಪ ತಂದದ್ದು. ಈಗ ಅದರ ಬಣ್ಣ ನೀಲಿ. ಮೊದಲು ಕೆಂಗಂದು ಇತ್ತೆಂದು ನನ್ನ ನೆನಪು, ಕಪ್ಪು ಇತ್ತೆಂದು ಅಣ್ಣನ ವಾದ. ಉಳಿದಿರುವ ಒಂದೇ ಹಳೆಯ ಫೋಟೊ ಕಪ್ಪುಬಿಳುಪಿನದು, ಅದರಿಂದ ಇಬ್ಬರಿಗೂ ಲಾಭವಿಲ್ಲ. ಆ ಗಾಡಿಯಲ್ಲಿ ಕಿಕ್ ಹೊಡೆಯುವ ಕಡ್ಡಿ, ಗೇರ್ ಹಾಕುವ ಕಡ್ಡಿ ಎರಡೂ ಒಂದೇ. ಮೇಲಕ್ಕೆ ತಿರುಗಿಸಿ ಒದ್ದರೆ ಎಂಜಿನ್ ಶುರು, ಮುಂದಕ್ಕೆ ಮಡಿಚಿದರೆ ಅದೇ ಗೇರು. ಇನ್ನೊಂದು ವಿಶೇಷವೂ ಇತ್ತು. ಬೇರೆ ಗಾಡಿಗಳಲ್ಲಿ ಎಡಗೈಯಲ್ಲಿ ಕ್ಲಚ್ ಹಿಡಿದು ಎಡಗಾಲಲ್ಲಿ ಗೇರ್ ಬದಲಾಯಿಸಬೇಕು. ಇದರಲ್ಲಿ ಗೇರಿನ ಕಡ್ಡಿ ಒತ್ತಿದರೆ ಒಳಗೆ ಕ್ಲಚ್ಚೂ ತಾನಾಗಿ ಬಿಡಿಸಿಕೊಳ್ಳುತ್ತಿತ್ತು. ಕಾಲನ್ನು ನಿಧಾನವಾಗಿ ಸಡಿಲಿಸಿದರೆ ಮತ್ತೆ ಕೂಡಿಕೊಂಡು ಗಾಡಿ ಹೊರಡುತ್ತಿತ್ತು. ಕೈ ಬೇಕೇ ಇಲ್ಲ. ಆದರೆ ಕೈಗಿರುವ ನಾಜೂಕು ಕಾಲಿಗೆ ಬರಬೇಕು. ಸ್ವಲ್ಪ ಅವಸರವಾದರೆ ಗಾಡಿ ಎಗರುತ್ತದೆ. ಹಾಗಾಗಿ ಅಂಥ ಗಾಡಿಯನ್ನು ಜೀವಮಾನವಿಡೀ ಓಡಿಸಿದವರೂ ಕೈಯಲ್ಲೇ ಕ್ಲಚ್ ಹಿಡಿದರು. ಅಪ್ಪ ಕೂಡ.

ಹೈಸ್ಕೂಲಿನಲ್ಲಿದ್ದಾಗ ನಾನು ಅಪ್ಪನನ್ನು ಕೇಳಿದೆ, ನನಗೂ ಕಲಿಸು ಎಂದು. ಅಪ್ಪ ನಗಲಿಲ್ಲ, ಗದರಲಿಲ್ಲ.

"ನೀನು ಓದೋಳು ಕಣವ್ವ. ಇದೆಲ್ಲ ನಿಂಗ್ಯಾಕೆ?" ಅಂದ.

ಇದನ್ನು ಹೇಳಿದರೆ ಗೆಳತಿಯರು, ನಿಮ್ಮಪ್ಪ ನಿನ್ನನ್ನು ಎಷ್ಟು ಎತ್ತರದಲ್ಲಿಟ್ಟಿದ್ದ ನೋಡು ಎನ್ನುತ್ತಾರೆ. ಇದ್ದೀತು. ನನಗೆ ಆವತ್ತು ಎತ್ತರ ಬೇಕಿರಲಿಲ್ಲ, ಗಾಡಿ ಬೇಕಿತ್ತು. ಅಣ್ಣನಿಗೆ ಅವನು ಕೇಳದೆಯೇ ಅಪ್ಪ ಕಲಿಸಲು ಹೋದ. ಅಣ್ಣ ಸೈಲೆನ್ಸರ್‌ಗೆ ಮೀನಖಂಡ ಸುಟ್ಟುಕೊಂಡು, ಆ ಕಡೆ ತಲೆ ಹಾಕುವುದನ್ನೇ ಬಿಟ್ಟ. ಆಮೇಲೆ ಅವನಿಗೆ ಅಮ್ಮಸಂದ್ರದಲ್ಲಿ ಶಿಫ್ಟಿನ ಕೆಲಸ ಸಿಕ್ಕಿ, ಅಲ್ಲೇ ರೂಮು ಮಾಡಿಕೊಂಡು ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುವವನಾದ. ನಾನು ಎಂ.ಎ. ಓದಲು ಮೈಸೂರಿಗೆ ಹೋದೆ. ಅಪ್ಪ ಹೇಳಿದ ಹಾಗೆ, ಓದುವವಳು.

ಅಣ್ಣನ ಮದುವೆಯಾದ ವರ್ಷವೇ ಅಪ್ಪ ಅಟ್ಟದಿಂದ ಕಾಯಿ ಇಳಿಸುವಾಗ ಏಣಿ ಜಾರಿ ಬಿದ್ದ. ಎಡ ಮಣಿಕಟ್ಟು ಮುರಿದು, ಕೂಡುವಾಗ ಸೊಟ್ಟಗೆ ಕೂಡಿತು. ಊಟ, ಬಟ್ಟೆ, ಬೀಡಿ ಎಲ್ಲಕ್ಕೂ ಆ ಕೈ ಸಾಕಾಗುತ್ತಿತ್ತು, ಕ್ಲಚ್ ಹಿಡಿಯಲು ಮಾತ್ರ ಬಿಗಿ ಸಾಲದು. ಗಾಡಿ ಕೊಟ್ಟಿಗೆಯಲ್ಲಿ ನಿಂತಿತು. ಅಪ್ಪ ದಿನಾ ಬೆಳಿಗ್ಗೆ ಅದನ್ನು ಒರೆಸಿ, ಸ್ಟ್ಯಾಂಡಿನ ಮೇಲೆಯೇ ಶುರು ಮಾಡಿ, ಸ್ವಲ್ಪ ಹೊತ್ತು ಸದ್ದು ಕೇಳಿ ಆರಿಸುತ್ತಿದ್ದನಂತೆ. ಇದು ಅವ್ವ ಹೇಳಿದ್ದು. ಒಂದು ದಿನ ಅತ್ತಿಗೆ ಹೋಗಿ, ನಾನು ಹಿಡಿಯಲಾ ಮಾವ ಎಂದು ಕೇಳಿದಳಂತೆ. ಅಪ್ಪ ಒಪ್ಪಿದ. ಏನೂ ಕೇಳದೆ, ಏನೂ ಹೇಳದೆ ಒಪ್ಪಿದ. ನಾನಿದ್ದು ಕೇಳಿದ್ದರೆ ನನಗೂ ಒಪ್ಪುತ್ತಿದ್ದನೇ? ಈ ಪ್ರಶ್ನೆಯನ್ನು ನಾನು ಎಷ್ಟು ಸಲ ಮಗುಚಿ ಹಾಕಿದ್ದೇನೋ. ಒಂದೊಂದು ಸಲ ಒಪ್ಪುತ್ತಿದ್ದ ಎನ್ನಿಸುತ್ತದೆ. ಆಗ ಮೈಸೂರಿನ ಮೇಲೆ ಸಿಟ್ಟು ಬರುತ್ತದೆ.

ನಾನು ದೀಪಾವಳಿಗೆ ಬಂದು ಬಸ್ ಇಳಿದಾಗ ಕಂಡದ್ದು ಇದು. ತೋಟದ ದಾರಿಯಿಂದ ನಮ್ಮ ಗಾಡಿ ಹೊಗೆ ಉಗುಳುತ್ತ ಬರುತ್ತಿದೆ. ಮುಂದೆ ಅತ್ತಿಗೆ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಮೇಲೆ ಅಣ್ಣನ ಹಳೇ ತುಂಬುತೋಳಿನ ಶರ್ಟು ತೊಟ್ಟಿದ್ದಾಳೆ. ನಡುವೆ ಕಾಯಿಯ ಒಂದು ಚೀಲ. ಹಿಂದೆ ಅಪ್ಪ, ಬಲಗೈಯಲ್ಲಿ ಚೀಲ ಅಪ್ಪಿಕೊಂಡು, ಸೊಟ್ಟ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಮದುವಣಿಗನ ಹಾಗೆ ಕೂತಿದ್ದಾನೆ. ಅಪ್ಪ ಯಾರ ಹಿಂದೆಯೂ ಕೂತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಅತ್ತಿಗೆ ನನ್ನ ಪಕ್ಕ ತಂದು ನಿಲ್ಲಿಸಿ, "ಹತ್ತಿ ಅನ್ನಾನ ಅಂದ್ರೆ ಜಾಗಿಲ್ಲ ಕಣ್ರೀ. ಇವರನ್ನ ಬುಟ್ಟು ಬತ್ತೀನಿ, ಇಲ್ಲೇ ಇರಿ," ಅಂದಳು.

ನಾನು ಕಾಯಲಿಲ್ಲ. ಬ್ಯಾಗು ಹೊತ್ತು ನಡೆದುಕೊಂಡೇ ಹೋದೆ. ಆವತ್ತಿನ ದಿನಚರಿಯಲ್ಲಿ ನಾನು ಬರೆದಿರುವುದು ಎರಡೇ ಮಾತು: ಅಪ್ಪ ಗಾಡಿಯ ಹಿಂದೆ ಕೂತಿದ್ದ. ತಲೆನೋವು.

ಹಬ್ಬದ ಮನೆ ತುಂಬ ಅಪ್ಪನದು ಅದೇ ಮಾತು. ಬಂದವರಿಗೆಲ್ಲ ಹೇಳುತ್ತಿದ್ದ. ಕೈಯಲ್ಲಿ ಕ್ಲಚ್ ಹಿಡಿಯುವುದನ್ನು ತಾನು ಹೇಳಿಕೊಟ್ಟನಂತೆ, ಅವಳು ತಾನಾಗಿಯೇ ಕೈ ಬಿಟ್ಟು ಕಾಲಲ್ಲಿ ಹಿಡಿಯುವುದನ್ನು ಕಂಡುಕೊಂಡಳಂತೆ. "ಕಾಯಿ ಅಲ್ಲಾಡ್ಸಿ, ಒಳಗೆ ಕೊಬ್ಬರಿ ಆಗೈತಾ ಅಂತ ಕಿವೀಲಿ ಕೇಳ್ತೀವಲ್ಲ, ಹಂಗೆ ಇವಳು ಗೇರನ್ನ ಕಾಲಲ್ಲಿ ಕೇಳ್ತಾಳೆ," ಅಂದ.

ಆ ಹೋಲಿಕೆ ನನಗೆ ಚುಚ್ಚಿತು. ಕಾಯಿ ವರ್ಷವಿಡೀ ಅಟ್ಟದ ಮೇಲೆ ಒಣಗಿ, ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಾಗ ಅಲ್ಲಾಡಿಸಿದರೆ ಲೊಟಲೊಟ ಎನ್ನುತ್ತದೆ. ಚಿಕ್ಕವಳಿದ್ದಾಗ ಅಪ್ಪ ಕಾಯಿಯನ್ನು ನನ್ನ ಕಿವಿಯ ಹತ್ತಿರ ಹಿಡಿದು ಆಗಿದೆಯಾ ಎಂದು ಕೇಳುತ್ತಿದ್ದ. ನಾನು ಆಗಿದೆ ಎಂದರೆ ಒಂದು ಕಡೆಗೆ, ಇಲ್ಲ ಎಂದರೆ ಮತ್ತೆ ಅಟ್ಟಕ್ಕೆ. ಮನೆಯಲ್ಲಿ ನನಗಿದ್ದ ಕಸುಬು ಅದೊಂದೇ. ಅಪ್ಪ ನನ್ನ ಕಿವಿಯನ್ನು ತೆಗೆದು ಅವಳ ಕಾಲಿಗೆ ಕೊಟ್ಟುಬಿಟ್ಟ ಅನ್ನಿಸಿತು. ಅಪ್ಪನಿಗೆ ಇದು ಹೊಳೆದೂ ಇರಲಿಕ್ಕಿಲ್ಲ.

ಅವಳ ಕೊರತೆಗಳನ್ನು ಹುಡುಕುವುದು ನನ್ನ ರಜೆಯ ಕೆಲಸವಾಯಿತು. ಸಿಕ್ಕಿದ್ದು ಕಡಿಮೆ. ಅವಳು ತಿರುವಿದ ಮುದ್ದೆಯಲ್ಲಿ ಗಂಟು ಇರುತ್ತಿತ್ತು. ಅವ್ವನ ಮುದ್ದೆಯಲ್ಲಿ ಒಂದು ಗಂಟು ಕಂಡರೆ ತಟ್ಟೆ ಸರಿಸುತ್ತಿದ್ದ ಅಪ್ಪ ಇದನ್ನು ಮಾತಿಲ್ಲದೆ ನುಂಗುತ್ತಿದ್ದ. ಅವ್ವ ನನ್ನ ಮುಖ ನೋಡಿ, "ನೀನ್ಯಾಕೆ ಅವಳ ಮುದ್ದೆ ಗಂಟು ಎಣಿಸ್ತೀಯ, ನಿನ್ನ ಮುದ್ದೆ ನುಂಗು," ಎನ್ನುತ್ತಿದ್ದಳು. ಅತ್ತಿಗೆಯ ಇನ್ನೊಂದು ಕೊರತೆ, ಎಲ್ಲದಕ್ಕೂ ಒಂದೇ ಮಾತು ಹೇಳುವುದು. ದೋಸೆ ಕಾವಲಿಯಿಂದ ಏಳದಿದ್ದರೆ, ಅಣ್ಣ ಮುನಿಸಿಕೊಂಡರೆ, ಪಕ್ಕದ ಮನೆಯ ಮಗು ಹಠ ಮಾಡಿದರೆ, "ಅವಸರ ಮಾಡ್ಬ್ಯಾಡಿ, ತಾನಾಗೇ ಬತ್ತದೆ." ಅದು ಅಪ್ಪ ಗೇರು ಕಲಿಸುವಾಗ ಹೇಳಿದ ಮಾತು ಎಂದು ಆಮೇಲೆ ಗೊತ್ತಾಯಿತು. ಅಪ್ಪನ ಮಾತು ಅವಳ ಬಾಯಲ್ಲಿ ಮನೆ ಮಾಡಿಕೊಂಡಿತ್ತು.

ಊರವರು ಮೊದಮೊದಲು ಕಿಚಾಯಿಸಿದರು. ಹಾಲಿನ ಡೈರಿಯ ಹತ್ತಿರ ಒಬ್ಬ, ಏನಮ್ಮ, ಗಂಡನ್ನೂ ಹಿಂದೆ ಕೂರಿಸ್ಕತೀಯಾ ಎಂದು ಕೇಳಿದ. ಅತ್ತಿಗೆ ಕಿಕ್ ಹೊಡೆಯುತ್ತಲೇ, "ಅವರು ನಿದ್ದೆ ಮಾಡಿ ಬಿದ್ದೋಯ್ತರೆ ಕಣಣ್ಣ, ಅದಕ್ಕೆ ಮನೇಲೇ ಬುಟ್ಟು ಬಂದೀನಿ," ಅಂದಳು. ಅಲ್ಲಿದ್ದವರೆಲ್ಲ ನಕ್ಕರು, ಕೇಳಿದವನೂ ನಕ್ಕ. ನನ್ನನ್ನು ಯಾರಾದರೂ ಹಾಗೆ ಕೇಳಿದ್ದರೆ ನಾನು ಮಹಿಳೆಯರ ಹಕ್ಕಿನ ಮೇಲೆ ಭಾಷಣ ಮಾಡಿ, ಯಾರನ್ನೂ ನಗಿಸದೆ ಮನೆಗೆ ಬರುತ್ತಿದ್ದೆ. ಬರಬರುತ್ತ ಆಸ್ಪತ್ರೆಗೆ ಹೋಗುವ ಮುದುಕಿಯರು, ಪರೀಕ್ಷೆಗೆ ಹೊರಟ ಹುಡುಗಿಯರು ಅವಳ ಹಿಂದೆ ಕೂರುವುದು ಊರಿನಲ್ಲಿ ಯಾರ ಕಣ್ಣಿಗೂ ಬೀಳದಷ್ಟು ಮಾಮೂಲಾಯಿತು.

ಗಾಡಿಯ ಕಾಯಿಲೆ ಶುರುವಾದದ್ದು ಆ ಮಾಗಿಯಲ್ಲಿ. ಬೆಳಗಿನ ಚಳಿಯಲ್ಲಿ ಕ್ಲಚ್ ಹಿಡಿ ಬಿಗಿದುಕೊಂಡು ಬಿಡುತ್ತಿತ್ತು. ಎಳೆದರೆ ಅರ್ಧಕ್ಕೆ ಬಂದು, ಬಿಟ್ಟರೆ ವಾಪಸು ಹೋಗುತ್ತಿರಲಿಲ್ಲ. ಎಂಜಿನ್ ಕೂಗುತ್ತಿತ್ತು, ಗಾಡಿ ಮುಂದಕ್ಕೆ ಹೋಗದು. ಅಪ್ಪ ಅದನ್ನು ಹಂದನಕೆರೆಯ ಮೆಕ್ಯಾನಿಕ್ಕಿಗೆ ತೋರಿಸಲು ಕಳಿಸುತ್ತಿದ್ದ. ಗಾಡಿ ಅಲ್ಲಿಗೆ ಹೋಗಿ ಸರದಿ ಬರುವಷ್ಟರಲ್ಲಿ ಮಧ್ಯಾಹ್ನ. ಬಿಸಿಲಿಗೆ ಕ್ಲಚ್ ಸರಿಯಾಗಿರುತ್ತಿತ್ತು. ಮೆಕ್ಯಾನಿಕ್ ಒಂದು ಸಲ ಕ್ಲಚ್ ಪ್ಲೇಟು ಬದಲಾಯಿಸಿದ, ಇನ್ನೊಂದು ಸಲ ವೈರು ಬದಲಾಯಿಸಿದ, ಆಮೇಲೆ ಗಾಡಿಗೆ ಏನೂ ಆಗಿಲ್ಲ, ವಯಸ್ಸಾಗಿದೆ ಅಂದ. ಅಪ್ಪನಿಗೆ ಆ ಮಾತು ಹಿಡಿಸಲಿಲ್ಲ. ಬೇಸಗೆ ಬಂದರೆ ಕಾಯಿಲೆ ಮಾಯ. ಮತ್ತೆ ಮಾಗಿಗೆ ಹಾಜರ್.

ಅತ್ತಿಗೆಗೆ ಇದರಿಂದ ಏನೂ ತೊಂದರೆಯಾಗಲಿಲ್ಲ. ಅವಳು ಬೆಳಿಗ್ಗೆ ಕ್ಲಚ್ ಹಿಡಿಯನ್ನು ಮುಟ್ಟುತ್ತಲೇ ಇರಲಿಲ್ಲ. ಎಡಗೈ ಸುಮ್ಮನೆ ಹ್ಯಾಂಡಲಿನ ಮೇಲಿರುತ್ತಿತ್ತು. ಕಾಲಲ್ಲಿ ಒತ್ತಿ, ಸಡಿಲಿಸಿ, ಮಂಜಿನೊಳಗೆ ಹೊರಟುಬಿಡುತ್ತಿದ್ದಳು. ಗಾಡಿ ಕೆಟ್ಟಷ್ಟೂ ಅಪ್ಪನ ಬಾಯಲ್ಲಿ ಅವಳ ಹೆಸರು ಹೆಚ್ಚಾಯಿತು.

ಗುಟ್ಟು ನನಗೆ ಸಿಕ್ಕಿದ್ದು ಒಂದು ಸಂಕ್ರಾಂತಿಯ ರಜೆಯಲ್ಲಿ. ಬೆಳಿಗ್ಗೆ ತಲೆಗೆ ಹಚ್ಚಿಕೊಳ್ಳಲು ಎಣ್ಣೆ ಬಾಟಲಿ ತೆಗೆದರೆ ಎಂದಿನ ಹಾಗೆ ತುಪ್ಪದಂತೆ ಹೆಪ್ಪುಗಟ್ಟಿತ್ತು. ಕರಗಿಸಿಕೊಳ್ಳಲು ಬಚ್ಚಲ ಒಲೆಯ ಹತ್ತಿರ ಹೋದೆ. ಅಲ್ಲಿ ಒಲೆಯ ದಂಡೆಯ ಮೇಲೆ ಉದ್ದ ಮೂತಿಯ ಎಣ್ಣೆಡಬ್ಬಿ ಕಾಯುತ್ತಿತ್ತು. ಸ್ವಲ್ಪ ಹೊತ್ತಿಗೆ ಅಪ್ಪ ಬಂದು, ಡಬ್ಬಿ ಅಲ್ಲಾಡಿಸಿ ನೋಡಿ, ಎಣ್ಣೆ ಕರಗಿದೆ ಎಂದು ಖಾತ್ರಿ ಮಾಡಿಕೊಂಡು ಕೊಟ್ಟಿಗೆಗೆ ಒಯ್ದ. ಕ್ಲಚ್ ವೈರಿನ ಬಾಯಿಗೆ ತೊಟ್ಟು ತೊಟ್ಟಾಗಿ ಬಿಟ್ಟ.

ಕೊಬ್ಬರಿ ಎಣ್ಣೆ. ನಮ್ಮದೇ ಕಾಯಿ, ನಮ್ಮದೇ ಕೊಬ್ಬರಿ, ಗಾಣದಲ್ಲಿ ಕಣ್ಣೆದುರೇ ಆಡಿಸಿ ತಂದದ್ದು. ನಮ್ಮ ಕಡೆ ಅದನ್ನು ಹಾಕದ ಜಾಗವಿಲ್ಲ. ಮಗುವಿನ ನೆತ್ತಿಗೆ, ಬಾಗಿಲ ಕೀಲಿಗೆ, ಹೊಲಿಗೆ ಯಂತ್ರಕ್ಕೆ, ಬೀಗಕ್ಕೆ, ಸುಟ್ಟ ಗಾಯಕ್ಕೆ. ಕೈ ಮುರಿಯುವ ಮೊದಲು ಅಪ್ಪ ಗಾಡಿಯ ಕೆಲಸವನ್ನೆಲ್ಲ ಮೆಕ್ಯಾನಿಕ್ಕಿನ ಪಕ್ಕ ನಿಂತು ಮಾಡಿಸುತ್ತಿದ್ದ. ಕೈ ಮುರಿದ ಮೇಲೆ ಎಣ್ಣೆ ಬಿಡುವುದೊಂದನ್ನು ತಾನೇ ವಹಿಸಿಕೊಂಡಿದ್ದ. ಅಂಗಡಿಯ ಎಣ್ಣೆ ಅವನ ಲೆಕ್ಕದಲ್ಲಿ ಎಣ್ಣೆಯೇ ಅಲ್ಲ. ಚಳಿಗೆ ಗಟ್ಟಿಯಾಗುವ ಎಣ್ಣೆಯನ್ನು ಒಲೆಯ ಮೇಲೆ ಕರಗಿಸಿ ವೈರಿನೊಳಗೆ ಬಿಡುತ್ತಿದ್ದಾನೆ. ರಾತ್ರಿಯ ಚಳಿಗೆ ಅದು ಅಲ್ಲೇ ಮತ್ತೆ ಗಟ್ಟಿಯಾಗುತ್ತಿದೆ. ಬಿಸಿಲು ಏರಿದಾಗ ಕರಗುತ್ತಿದೆ. ಇಷ್ಟೇ.

ನನಗೆ ಆದ ಖುಷಿಯನ್ನು ಹೇಗೆ ಹೇಳಲಿ. ಮೆಕ್ಯಾನಿಕ್ಕಿಗೆ ಸಿಗದ್ದು, ಅಪ್ಪನಿಗೆ ಸಿಗದ್ದು, ಎಲ್ಲಕ್ಕಿಂತ ಮುಖ್ಯವಾಗಿ ಅತ್ತಿಗೆಗೆ ಸಿಗದ್ದು ನನಗೆ ಸಿಕ್ಕಿತ್ತು. ಅಪ್ಪ ಕಾಫಿಗೆ ಕೂರುವುದನ್ನೇ ಕಾಯುತ್ತಿದ್ದೆ. ಹೇಗೆ ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಒಲೆಗೆ ತೆಂಗಿನಕಾಯಿಯ ಮಟ್ಟೆ ಒಟ್ಟುತ್ತಿದ್ದ ಅತ್ತಿಗೆ ನನ್ನ ಮುಖ ನೋಡಿ, ಕೊಟ್ಟಿಗೆಯ ಕಡೆ ನೋಡಿ, ಎದ್ದು ಬಂದಳು.

"ಎಣ್ಣೆ ವಿಚಾರ ತಾನೆ?" ಅಂದಳು ಮೆಲ್ಲಗೆ.

ನಾನು ಬಾಟಲಿಯ ಮುಚ್ಚಳ ತಿರುವುತ್ತ ನಿಂತೆ.

"ನಂಗೆ ಮೊದಲ್ನೇ ವರ್ಷಾನೇ ಗೊತ್ತಾಯ್ತು. ಹೇಳ್ಬ್ಯಾಡಿ ಕಣ್ರೀ. ಆ ಗಾಡಿಗೆ ಅವರ ಕೈಯಿಂದ ಇನ್ನೇನು ಮಾಡಾಕಾಯ್ತದೆ? ಅದೊಂದು ಉಳಕಂಡೈತೆ."

"ಮತ್ತೆ ದಿನಾ ಬೆಳಿಗ್ಗೆ ಕಷ್ಟ ಅಲ್ವಾ?"

"ನಂಗೇನು ಕಷ್ಟ, ಕಾಲೈತಲ್ಲ," ಅಂದಳು.

ಕಾಫಿಯ ಹೊತ್ತಿನಲ್ಲಿ ಅಪ್ಪ, ಈ ಸಲ ಎಣ್ಣೆ ಚೆನ್ನಾಗಿ ಇಳಿದಿದೆ, ನಾಳೆಯಿಂದ ಸರಿಹೋದೀತು ಎನ್ನುತ್ತಿದ್ದ. ನಾನು ಲೋಟದೊಳಗೆ ನೋಡುತ್ತ ಕೂತೆ. ನಾನು ಹೇಳದೆ ಉಳಿದದ್ದನ್ನು ಒಳ್ಳೆಯತನ ಎನ್ನಲಾರೆ. ಹೇಳಿದರೆ ಅಪ್ಪನ ಮುಖ ಬಾಡುತ್ತದೆ, ಆ ಬಾಡಿದ ಮುಖವನ್ನು ಅತ್ತಿಗೆಯೇ ನಗಿಸುತ್ತಾಳೆ, ಅದನ್ನು ನಾನು ನೋಡಬೇಕು. ಅಷ್ಟು ದೂರ ಲೆಕ್ಕ ಹಾಕಿದೆ. ನನಗೆ ಸಿಗುವ ಹೊತ್ತಿಗಾಗಲೇ ಆ ಗುಟ್ಟು ಅವಳದಾಗಿತ್ತು, ಅದನ್ನು ಕಾಪಾಡುವುದೂ ಅವಳದೇ ಆಗಿತ್ತು. ನನ್ನ ಪಾಲಿಗೆ ಬಂದದ್ದು ಸುಮ್ಮನಿರುವ ಕೆಲಸ.

ಆ ದಿನ ಸಂಜೆಯೇ ಅವಳು ನನ್ನನ್ನು ತೋಟಕ್ಕೆ ಕರೆದಳು. ಗಾಡಿ ತಂದು ನಿಲ್ಲಿಸಿ, ಕೂರಿ ಅಂದಳು. ಬೇಡ ಎನ್ನುವಷ್ಟು ಸ್ವಾಭಿಮಾನ ನನಗಿರಲಿಲ್ಲ. ಅಪ್ಪ ಕಲಿಸಬೇಕಿದ್ದದ್ದನ್ನು ಇವಳಿಂದ ಕಲಿಯುವುದು ಎಂಜಲು ಉಣ್ಣುವ ಹಾಗೆ ಅನ್ನಿಸಿತು, ಹಸಿವೂ ಇತ್ತು. ತೆಂಗಿನ ಸಾಲುಗಳ ನಡುವೆ, ಬಿದ್ದ ಗರಿಗಳನ್ನು ಪಕ್ಕಕ್ಕೆಳೆದು ದಾರಿ ಮಾಡಿಕೊಂಡಿದ್ದಳು. ಪಕ್ಕದಲ್ಲೇ ಓಡಿಬರುತ್ತ, ಕೈ ಮರೆತುಬುಡಿ, ಕಾಲನ್ನ ತಕ್ಷಣ ಬುಡಬ್ಯಾಡಿ ಎಂದು ಹೇಳುತ್ತಿದ್ದಳು. ನಾನು ತಕ್ಷಣವೇ ಬಿಟ್ಟೆ. ಗಾಡಿ ಎಗರಿ ಹೋಗಿ ಸುಲಿದ ಮಟ್ಟೆಯ ರಾಶಿಗೆ ನುಗ್ಗಿತು. ನಾನು ರಾಶಿಯ ಮೇಲೆ, ಗಾಡಿ ನನ್ನ ಪಕ್ಕ. ಅವಳು ಮೊದಲು ಎತ್ತಿದ್ದು ಗಾಡಿಯನ್ನು. "ಮಟ್ಟೆಗೆ ಏನೂ ಆಗ್ಲಿಲ್ಲ, ಏಳಿ," ಅಂದಳು. ನನಗೂ ನಗು ಬಂತು. ಅದು ನನಗೆ ಇಷ್ಟವಾಗಲಿಲ್ಲ.

ಕೆಲವು ಸಂಜೆಗಳಲ್ಲಿ ಬೀಳದೆ ಓಡಿಸುವಷ್ಟಾದೆ. ರಜೆ ಮುಗಿಯುವ ಮುಂಚೆ ಅಪ್ಪನನ್ನು ತಿಪಟೂರಿನ ಕಣ್ಣಿನ ಡಾಕ್ಟರಿಗೆ ತೋರಿಸುವುದಿತ್ತು. ಹೊರಡುವ ಬೆಳಿಗ್ಗೆ ಅತ್ತಿಗೆ ಎಡಪಾದ ಉಳುಕಿದೆ ಎಂದು ಕುಂಟುತ್ತ ಬಂದು, ಇವರೇ ಕರ್ಕೊಂಡು ಹೋಗಲಿ ಮಾವ, ಕಲಿತಿದ್ದಾರೆ ಅಂದಳು. ಅಪ್ಪ ನನ್ನನ್ನೂ ಗಾಡಿಯನ್ನೂ ನೋಡಿದ. ಬಸ್ಸಿಗೆ ಹೋಗಾನ ಬುಡು ಎಂದು ಮೊದಲು ಅಂದದ್ದು ನೆನಪಿದೆ. ಅಂದನೋ, ಅನ್ನುತ್ತಾನೆಂದು ನಾನು ಹೆದರಿದ್ದೆನೋ, ಹೇಳಲಾರೆ. ಕೊನೆಗೆ ಹಿಂದೆ ಕೂತ.

ಊರಾಚೆ ಕೆರೆ ಏರಿ ಹತ್ತುವಲ್ಲಿ ನಾನು ಹೆದರಿ ಕ್ಲಚ್ ಹಿಡಿ ಎಳೆದುಬಿಟ್ಟೆ. ಅದು ಅರ್ಧಕ್ಕೆ ಬಂದು ಅಲ್ಲೇ ನಿಂತಿತು. ಎಂಜಿನ್ ಕೂಗುತ್ತಿದೆ, ಗಾಡಿ ಹಿಂದಕ್ಕೆ ಸರಿಯುತ್ತಿದೆ, ಒಂದು ಪಕ್ಕ ನೀರು. ಅಪ್ಪ ಎರಡೂ ಕಾಲು ನೆಲಕ್ಕೂರಿ ಗಾಡಿಯನ್ನು ಹಿಡಿದು ನಿಲ್ಲಿಸಿದ. ಹಿಂದಿನಿಂದ ಬಲಗೈ ಚಾಚಿ, ಹಿಡಿಯನ್ನು ಬೆರಳಲ್ಲಿ ಹೊರಕ್ಕೆ ತಳ್ಳಿದ.

"ಕೈ ತಗಿ. ಕಾಲಲ್ಲಿ ಹಿಡಿ. ನಿಮ್ಮತ್ತಿಗೆ ಹಂಗೇ ಮಾಡದು."

ಕಾಲಲ್ಲಿ ಒತ್ತಿದೆ, ಬಹಳ ನಿಧಾನಕ್ಕೆ ಸಡಿಲಿಸಿದೆ. ಗಾಡಿ ಏರಿ ಹತ್ತಿತು. ಒಂದು ಗಳಿಗೆ ನನಗೆ ಜಗತ್ತಿನಲ್ಲಿ ಇನ್ನೇನೂ ಬೇಡವೆನ್ನಿಸಿತು. ಆಮೇಲೆ ಅಪ್ಪ ಶುರು ಮಾಡಿದ. ನಿಮ್ಮತ್ತಿಗೆ ಈ ತಿರುವಲ್ಲಿ ಸೆಕೆಂಡಿಗೆ ಇಳಿಸ್ತಾಳೆ. ನಿಮ್ಮತ್ತಿಗೆ ಹಂಪ್ಸು ಬಂದ್ರೆ ಗೊತ್ತೇ ಆಗಾಕಿಲ್ಲ. ಹೀಗೆ ತಿಪಟೂರಿನವರೆಗೂ ನಾವು ಮೂರು ಜನ ಹೋದೆವು.

ಡಾಕ್ಟರಿಗೆ ತೋರಿಸಿ ಹೋಟೆಲಿನಲ್ಲಿ ಇಡ್ಲಿ ತಿನ್ನುವಾಗ ಅಪ್ಪನಿಗೆ ಪರಿಚಯದ ಕೊಬ್ಬರಿ ವ್ಯಾಪಾರಿಯೊಬ್ಬ ಬಂದು, ಇವರೇನಾ ಗಾಡಿ ಓಡಿಸೋ ಸೊಸೆ ಎಂದು ಕೇಳಿದ.

"ಅಲ್ಲ, ಇವಳು ಮಗಳು. ಸೊಸೆ ಇವತ್ತು ಬಂದಿಲ್ಲ," ಅಂದ ಅಪ್ಪ.

ಆ ಮಾತನ್ನು ಅಪ್ಪ ಯಾವ ದನಿಯಲ್ಲಿ ಹೇಳಿದ? ಎಷ್ಟೋ ವರ್ಷ ನಾನು ಅದನ್ನು ಮತ್ತೆ ಮತ್ತೆ ಕೇಳಿಸಿಕೊಂಡಿದ್ದೇನೆ. ಮಗಳು ಎನ್ನುವಾಗ ಗರ್ವವಿತ್ತೆಂದು ಒಂದು ಸಲ, ಸೊಸೆ ಬಂದಿಲ್ಲ ಎನ್ನುವಾಗ ಕೊರಗಿತ್ತೆಂದು ಇನ್ನೊಂದು ಸಲ. ಈಗ ದನಿ ಪೂರ್ತಿ ಸವೆದುಹೋಗಿ ಶಬ್ದಗಳಷ್ಟೇ ಉಳಿದಿವೆ.

ಸಂಜೆ ಮನೆಗೆ ಬಂದಾಗ ಅತ್ತಿಗೆ ಎರಡು ಕೊಡ ನೀರು ಹೊತ್ತು ಮೆಟ್ಟಿಲು ಹತ್ತುತ್ತಿದ್ದಳು. ಪಾದಕ್ಕೆ ಏನೂ ಆಗಿರಲಿಲ್ಲ. ನಮ್ಮನ್ನು ಕಂಡು ಒಂದೆರಡು ಹೆಜ್ಜೆ ಕುಂಟಿದಳು, ಅದೂ ಬಲಗಾಲಲ್ಲಿ. ಅಪ್ಪನ ಜೊತೆ ನಾನು ಒಬ್ಬಳೇ ಕಳೆದೆನೆಂದುಕೊಂಡ ಆ ದಿನವನ್ನೂ ಅವಳೇ ತೆಗೆದುಕೊಟ್ಟಿದ್ದಳು. ಥ್ಯಾಂಕ್ಸ್ ಹೇಳಬೇಕಿತ್ತು. ಹೊಟ್ಟೆಕಿಚ್ಚು ಇನ್ನೂ ಜಾಸ್ತಿಯಾಯಿತು.

ಅಪ್ಪ ತೀರಿಕೊಂಡ ಮೇಲೆ ಗಾಡಿ ಯಾರದು ಎಂಬ ಮಾತೇ ಏಳಲಿಲ್ಲ. ಅದು ಅವಳದೆಂದು ಎಲ್ಲರಿಗೂ ಗೊತ್ತಿತ್ತು, ನನಗೂ. ಅಣ್ಣ ಮೆಕ್ಯಾನಿಕ್ಕಿನಿಂದ ಕ್ಲಚ್ ವೈರನ್ನು ಸೀಮೆಎಣ್ಣೆಯಲ್ಲಿ ತೊಳೆಸಿ ಸರಿಯಾದ ಆಯಿಲ್ ಹಾಕಿಸಿದ. ಮುಂದಿನ ಮಾಗಿಯಲ್ಲಿ ಕ್ಲಚ್ ಬೆಣ್ಣೆಯ ಹಾಗಿತ್ತು. ಅತ್ತಿಗೆ ಮಾತ್ರ ಅದನ್ನು ಮುಟ್ಟುತ್ತಿರಲಿಲ್ಲ. ಯಾಕೆಂದು ಕೇಳಿದೆ. ಅಭ್ಯಾಸ ತಪ್ಪಿಹೋಗಿದೆ ಎಂದಳು. ಮನೆಯಲ್ಲಿ ನಾನೂ ಅವ್ವನೂ ಅತ್ತಾಗಿತ್ತು, ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ಆವತ್ತು ಅವಳು ಕ್ಲಚ್ ಹಿಡಿಯ ಕಡೆ ನೋಡದೆ ಹೊರಟದ್ದನ್ನು ನೋಡಿದೆ. ನನ್ನ ಅಪ್ಪನಿಗಾಗಿ ನನಗಿಂತ ಚೆನ್ನಾಗಿ ದುಃಖಪಡುವುದು ಕೂಡ ಅವಳಿಗೆ ಗೊತ್ತಿತ್ತು.

ಅತ್ತಿಗೆಗೆ ಕಾಯಿಲೆ ಎಂದು ತಿಳಿದದ್ದು ಹೋದ ವರ್ಷ. ತಿಳಿಯುವ ಹೊತ್ತಿಗೆ ತಡವಾಗಿತ್ತು. ನಾನು ಈಗಿರುವ ತುಮಕೂರಿನಿಂದ ಭಾನುವಾರಗಳಲ್ಲಿ ಹೋಗಿಬರುತ್ತಿದ್ದೆ. ಒಂದು ಮಧ್ಯಾಹ್ನ ಅವಳು ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದಳು. ಕಾಲು ಊದಿದ್ದವು. ನನ್ನನ್ನು ಅಷ್ಟು ವರ್ಷ ಕೊರೆದದ್ದನ್ನು ಕೇಳಲು ಇನ್ನು ಹೆಚ್ಚು ಭಾನುವಾರಗಳು ಇರಲಾರವು ಅನ್ನಿಸಿತು.

"ಅತ್ತಿಗೆ, ಗಾಡಿ ಮೇಲೆ ಹೋಗೋವಾಗ ಅಪ್ಪ ಏನು ಮಾತಾಡ್ತಿದ್ದ?"

"ಆ ಗಾಡಿ ಸದ್ದಲ್ಲಿ ಏನು ಕೇಳುಸ್ತದೆ ಬುಡಿ," ಅಂದಳು. ಕಣ್ಣು ಮುಚ್ಚಿದಳು. ನಿದ್ದೆ ಬಂತೇನೋ ಎಂದುಕೊಳ್ಳುವಷ್ಟರಲ್ಲಿ ಮತ್ತೆ ಮಾತಾಡಿದಳು. "ಗೇರು ಬದಲಾಯಿಸೋವಾಗ ಒಂದು ಗಳಿಗೆ ಎಂಜಿನ್ನು ಇಳೀತದಲ್ಲ, ಆಗ ಮಾತ್ರ ಒಂದೊಂದು ಮಾತು ಕಿವಿಗೆ ಬೀಳದು. ನಿಮ್ಮ ಹೆಸರು ಬೀಳದು. ಹಿಂದೆ ಮುಂದೆ ಏನಂತಿದ್ರೋ ನಂಗೆ ಗೊತ್ತಿಲ್ಲ."

ಅವಳು ಹೆಚ್ಚು ದಿನ ಉಳಿಯಲಿಲ್ಲ. ಊರಿಗೆ ಊರೇ ಬಂದಿತ್ತು.

ಅವಳು ಹೇಳಿದ್ದು ನಿಜವೇ? ಯಾರ ಮನಸ್ಸು ಎಲ್ಲಿ ನೋಯುತ್ತದೆ ಎಂದು ತಿಳಿದು, ಅಲ್ಲಿ ತಾಕದ ಹಾಗೆ ಮಾತಾಡುವುದು ಅವಳಿಗೆ ಬರುತ್ತಿತ್ತು. ಅಪ್ಪನ ವಿಷಯದಲ್ಲಿ ಅದನ್ನು ನಾನೇ ಕಂಡಿದ್ದೆ. ಅದು ನಿಜವಾಗಿದ್ದರೆ, ಅಪ್ಪನ ಬಾಯಲ್ಲಿ ನನ್ನ ಹೆಸರು ಬಂದದ್ದನ್ನು ಕೇಳಿಸಿಕೊಂಡವಳು ಅವಳು, ನಾನಲ್ಲ. ಸುಳ್ಳಾಗಿದ್ದರೆ, ಕೊನೆಯ ದಿನಗಳಲ್ಲಿ ಉಸಿರು ಕೂಡಿಸಿಕೊಂಡು ನನಗಾಗಿ ಅದನ್ನು ಕಟ್ಟಿದಳು. ಎರಡರಲ್ಲಿ ಯಾವುದಾದರೂ ನಾನು ಅವಳಿಗೆ ಸೋತೆ.

ತಿಂಗಳ ತಿಥಿಗೆ ಹೋದಾಗ ಗಾಡಿ ಹೊರಗೆ ತೆಗೆದೆ. ಅಣ್ಣನನ್ನು ಹಿಂದೆ ಕೂರಿಸಿಕೊಂಡು, ಏನಾದರೂ ಮಾತಾಡುತ್ತಿರು, ಕೇಳಿಸುತ್ತದಾ ನೋಡಬೇಕು ಎಂದೆ. ಯಾಕೆಂದು ಅವನು ಕೇಳಲಿಲ್ಲ. ಈಚೆಗೆ ಅವನು ಏನನ್ನೂ ಕೇಳುವುದಿಲ್ಲ. ತೋಟದ ದಾರಿಯಲ್ಲಿ ಹೊರಟೆ. ಮೊದಲ ಗೇರಿನಲ್ಲಿ ಎಂಜಿನ್ನಿನ ಸದ್ದು ಬಿಟ್ಟರೆ ಏನೂ ಇಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯದಕ್ಕೆ ಬದಲಾಯಿಸಲು ಕಾಲಿನಿಂದ ಕಡ್ಡಿ ಎತ್ತಿ, ಒಂದು ಗಳಿಗೆ ಹಾಗೇ ಹಿಡಿದೆ. ಸದ್ದು ಇಳಿಯಿತು. ಬೆನ್ನ ಹಿಂದಿನಿಂದ ಅಣ್ಣನ ದನಿ ಸ್ಪಷ್ಟವಾಗಿ ಕೇಳಿಸಿತು.

ಅವನು ಅವಳ ಹೆಸರು ಹೇಳುತ್ತಿದ್ದ.